ಯೀಸ್ಟ್ ಸೆಂಟ್ರೊಮಿಯರ್‌ನಲ್ಲಿ ಡಿಎನ್ಎ ಬಗ್ಗಿಸೋದು ಯಾರು, ಎಷ್ಟು, ಯಾಕೆ?

ಮೊಗ್ಗು_ಯೀಸ್ಟ್

ಎಲ್ಲರಿಗೂ ನಮಸ್ಕಾರ. ಸ್ಯಾಕರೊಮೈಸಿಸ್ ಸೆರೆವಿಸಿಯೆ ಯೀಸ್ಟ್‌ನ ಸೆಂಟ್ರೊಮಿಯರ್ ಬಗ್ಗೆ ಸೆಮಿನಾರ್ ಕೊಡಬೇಕಿದೆ. ಓದುತ್ತಾ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಸೆಂಟ್ರೊಮಿಯರ್ ಅಂದರೆ ಕೋಶ ವಿಭಜನೆಯ ಹೊತ್ತಿಗೆ ಕ್ರೋಮೋಸೋಮನ್ನು ಹಿಡಿದೆಳೆಯುವ ಜಾಗ. ಈ ಯೀಸ್ಟಿನಲ್ಲಿ ಅದು ತೀರಾ ಚಿಕ್ಕದು, ಸುಮಾರು 125 ಬೇಸ್ ಜೋಡಿ ಅಷ್ಟೇ. ಅಷ್ಟರೊಳಗೇ ಮೂರು ಕಡೆ ಡಿಎನ್ಎ ಬಾಗುತ್ತದೆ ಅಂತ ಓದಿದೆ. ಒಂದು ತುದಿಯಲ್ಲಿ ಸಿಬಿಎಫ್1 ಪ್ರೋಟೀನ್ ಕೂತು ಸುಮಾರು 70 ಡಿಗ್ರಿ ಬಗ್ಗಿಸುತ್ತದಂತೆ. ಇನ್ನೊಂದು ತುದಿಯಲ್ಲಿ ಸಿಬಿಎಫ್3 ಸುಮಾರು 55 ಡಿಗ್ರಿ. ನಡುವೆ ಸಿಎಸ್‌ಇ4 ಎಂಬ ವಿಶೇಷ ಹಿಸ್ಟೋನ್ ಇರುವ ನ್ಯೂಕ್ಲಿಯೊಸೋಮ್ (ಹಿಸ್ಟೋನ್ ಪ್ರೋಟೀನುಗಳ ಉಂಡೆ) ಬೇರೆ, ಅದಂತೂ ಡಿಎನ್ಎಯನ್ನು ಸುತ್ತಿಕೊಂಡೇ ಬಿಡುತ್ತದೆ.

ಈ ಮೂರೂ ಒಟ್ಟಿಗೆ ಆಗುತ್ತವಾ? 70 ಮತ್ತು 55 ಕೂಡಿಸಿ 125 ಡಿಗ್ರಿ ಅನ್ನಬಹುದಾ? ಅದಕ್ಕಿಂತ ಮುಖ್ಯವಾಗಿ, ಬಗ್ಗಿಸಿ ಆಗಬೇಕಾದ್ದೇನು? ಪ್ರೋಟೀನ್ ಸುಮ್ನೆ ಬಂದು ಕೂತರೆ ಸಾಲದಾ?

ಸುರುಳಿ

ಮೊದಲು ನಕ್ಷೆ ಹಾಕಿಬಿಡೋಣ. ಇಲ್ಲದಿದ್ದರೆ ಸಿಬಿಎಫ್1, ಸಿಬಿಎಫ್3 ಅಂತ ಹೆಸರುಗಳಲ್ಲೇ ಎಲ್ಲರೂ ದಾರಿ ತಪ್ಪುತ್ತಾರೆ. ಹೆಸರು ಒಂದೇ ಥರ ಇದ್ದರೂ ಇವೆರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಲೂಯಿಸ್ ಕ್ಲಾರ್ಕ್ ಮತ್ತು ಜಾನ್ ಕಾರ್ಬನ್ 1980ರಲ್ಲಿ ಮೂರನೇ ಕ್ರೋಮೋಸೋಮಿನ ಸೆಂಟ್ರೊಮಿಯರ್ ತುಂಡನ್ನು ಬೇರ್ಪಡಿಸಿದರು. ಅದೇ ಸಿಇಎನ್3. ಎರಡು ವರ್ಷದ ನಂತರ ಅದನ್ನು ಸಿಇಎನ್11 ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿದಾಗ ಒಂದೇ ಮಾದರಿ ಕಾಣಿಸಿತು. ಈಗ ಗೊತ್ತಿರುವಂತೆ 16 ಕ್ರೋಮೋಸೋಮಿನಲ್ಲೂ ಅದೇ ಮಾದರಿ.

ಆ ಮಾದರಿಯಲ್ಲಿ ಮೂರು ಭಾಗ, ಅವಕ್ಕೆ ಸಿಡಿಇ ಅಂತ ಹೆಸರು. ಎಡಗಡೆ ಸಿಡಿಇ-1, ಬರೀ 8 ಬೇಸ್ ಜೋಡಿ. ಅದರ ಒಳಗೆ ಸಿಎಸಿಜಿಟಿಜಿ ಅಥವಾ ಸಿಎಸಿಎಟಿಜಿ ಎಂಬ ಅಕ್ಷರ ಸಾಲು ಇರುತ್ತದೆ. ಸಿಬಿಎಫ್1 ಜೋಡಿಯಾಗಿ ಬಂದು ಕೂರುವುದು ಇಲ್ಲಿ. ನಡುವೆ ಸಿಡಿಇ-2, 78ರಿಂದ 86 ಬೇಸ್ ಜೋಡಿ, ಹೆಚ್ಚುಕಮ್ಮಿ ಪೂರ್ತಿ ಎ ಮತ್ತು ಟಿ. ಬಲಗಡೆ ಸಿಡಿಇ-3, ಸುಮಾರು 25 ಬೇಸ್ ಜೋಡಿ, ನಡುವೆ ಸಿಸಿಜಿ ಎಂಬ ಮೂರು ಅಕ್ಷರ. ಇಲ್ಲಿ ಬರುವುದು ಸಿಬಿಎಫ್3. ಅದು ಒಂದು ಪ್ರೋಟೀನ್ ಅಲ್ಲ, ಗುಂಪು: ಎನ್‌ಡಿಸಿ10, ಸಿಇಪಿ3, ಸಿಟಿಎಫ್13, ಎಸ್‌ಕೆಪಿ1.

ಇಷ್ಟರ ಮೇಲೆ ಒಂದೇ ಒಂದು ಸಿಎಸ್‌ಇ4 ನ್ಯೂಕ್ಲಿಯೊಸೋಮ್. ಅದಕ್ಕೆ ಕೊನೆಗೆ ಅಂಟಿಕೊಳ್ಳುವ ಮೈಕ್ರೊಟ್ಯೂಬ್ಯೂಲ್ (ಕ್ರೋಮೋಸೋಮನ್ನು ಎಳೆಯುವ ಹಗ್ಗದಂಥದ್ದು) ಕೂಡ ಒಂದೇ. ಮನುಷ್ಯರ ಸೆಂಟ್ರೊಮಿಯರ್ ಲಕ್ಷಗಟ್ಟಲೆ ಬೇಸ್ ಜೋಡಿ ಹರಡಿಕೊಂಡಿರುತ್ತದೆ. ಇಲ್ಲಿ ಎಲ್ಲಾ ಕೆಲಸ ಒಂದು ಅಂಗೈ ಜಾಗದಲ್ಲಿ ಮುಗಿಯಬೇಕು.

ಜೆಲ್_ಓಡಿಸುವವನು

ಆ ಡಿಗ್ರಿಗಳು ಎಲ್ಲಿಂದ ಬಂದವು ಅನ್ನೋದನ್ನ ಮೊದಲು ನೋಡಿ. ಸೆಮಿನಾರ್‌ನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ.

ಸಿಬಿಎಫ್1ರ 70 ಡಿಗ್ರಿ ಬಂದಿದ್ದು ಜೆಲ್‌ನಿಂದ, 1993ರಲ್ಲಿ. ವಿಧಾನ ಹೀಗೆ. ಸಿಡಿಇ-1 ಇರುವ ತುಂಡನ್ನು ಒಂದರ ಹಿಂದೆ ಒಂದು ಎರಡು ಸಲ ಜೋಡಿಸಿದ ಪ್ಲಾಸ್ಮಿಡ್ ಮಾಡಿಕೊಳ್ಳುತ್ತಾರೆ. ಅದನ್ನು ಬೇರೆ ಬೇರೆ ರಿಸ್ಟ್ರಿಕ್ಷನ್ ಎನ್ಜೈಮ್‌ನಿಂದ ಕತ್ತರಿಸಿದರೆ ಎಲ್ಲಾ ತುಂಡಿನ ಉದ್ದ ಒಂದೇ, ಅಕ್ಷರಗಳೂ ಅವೇ, ಆದರೆ ಪ್ರೋಟೀನ್ ಕೂರುವ ಸೈಟ್ ಒಂದರಲ್ಲಿ ತುದಿಗೆ, ಇನ್ನೊಂದರಲ್ಲಿ ನಡುವಿಗೆ ಬರುತ್ತದೆ. ಪ್ರೋಟೀನ್ ಸೇರಿಸಿ ಅಕ್ರಿಲಮೈಡ್ ಜೆಲ್‌ನಲ್ಲಿ ಓಡಿಸಬೇಕು.

ಡಿಎನ್ಎ ನೆಟ್ಟಗೇ ಇದ್ದರೆ ಪ್ರೋಟೀನ್ ಕೂತ ಬ್ಯಾಂಡ್‌ಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲಬೇಕು. ಬಾಗಿದ್ದರೆ ನಿಲ್ಲುವುದಿಲ್ಲ. ನಡುವೆ ಬಾಗಿದ ತುಂಡು ಜೆಲ್‌ನ ರಂಧ್ರಗಳಲ್ಲಿ ನುಸುಳೋಕೆ ಒದ್ದಾಡಿ ಹಿಂದೆ ಬೀಳುತ್ತದೆ. ತುದಿಯಲ್ಲಿ ಬಾಗಿದ್ದು ಸಲೀಸಾಗಿ ಮುಂದೆ ಹೋಗುತ್ತದೆ. ಎರಡರ ಓಟದ ಅನುಪಾತ ಸುಮಾರಾಗಿ ಕೋನದ ಅರ್ಧದ ಕೊಸೈನ್. 70 ಡಿಗ್ರಿಗೆ ಅದು 0.82. ಅಂದರೆ ತುದಿಯಲ್ಲಿ ಬಾಗಿದ್ದು 100 ಮಿಲಿಮೀಟರ್ ಓಡುವಷ್ಟರಲ್ಲಿ ನಡುವೆ ಬಾಗಿದ್ದು 82. ಜೆಲ್ ನೋಡಿದ ಕೂಡಲೇ ಕಣ್ಣಿಗೆ ಹೊಡೆಯುವಂಥ ವ್ಯತ್ಯಾಸ ಇದು. ವೂ ಮತ್ತು ಕ್ರೋಥರ್ಸ್ 1984ರಲ್ಲಿ ಈ ಉಪಾಯ ತೋರಿಸಿದ ಮೇಲೆ ಎಷ್ಟೋ ಪ್ರೋಟೀನುಗಳನ್ನು ಹೀಗೆ ಅಳೆದಿದ್ದಾರೆ.

ಆದರೆ ಈ ಜೆಲ್ ಬಾಗಿದ್ದು ಯಾವ ಕಡೆಗೆ ಅಂತ ಹೇಳುವುದಿಲ್ಲ. ಒಂದೇ ಕಡೆಗೆ ಗಟ್ಟಿಯಾಗಿ ಬಾಗಿ ನಿಂತಿದೆಯೋ, ಸಡಿಲವಾಗಿ ಎಲ್ಲಾ ಕಡೆ ಓಲಾಡುತ್ತಿದೆಯೋ ಅಂತಲೂ ಹೇಳುವುದಿಲ್ಲ. ಉದ್ದ ಮೈಯ ಪ್ರೋಟೀನ್ ಆದರಂತೂ ಅದರ ಆಕಾರವೇ ಓಟವನ್ನು ಕೆಡಿಸುತ್ತದೆ. ಸಿಬಿಎಫ್1ಗೆ ಲ್ಯೂಸಿನ್ ಜಿಪ್ಪರ್‌ನ ಉದ್ದ ಬಾಲ ಇದೆ ಅನ್ನೋದು ನೆನಪಿರಲಿ.

ಕ್ರಯೋ_ಕಣ್ಣು

55 ಡಿಗ್ರಿಯ ಕಥೆ ಬೇರೆ. ಅದು 1999ರದ್ದು, ಅಟಾಮಿಕ್ ಫೋರ್ಸ್ ಮೈಕ್ರೊಸ್ಕೋಪ್‌ನಲ್ಲಿ ನೇರವಾಗಿ ನೋಡಿ ಅಳೆದದ್ದು. ಶುದ್ಧ ಮಾಡಿದ ಸಿಬಿಎಫ್3 ಅನ್ನು ಸಿಇಎನ್3 ತುಂಡಿನ ಜೊತೆ ಬೆರೆಸಿ ಚಿತ್ರ ತೆಗೆದರು. ದಾರದಂಥ ಡಿಎನ್ಎ, ಅದರ ಮೇಲೆ ಒಂದು ಗುಂಡನೆ ಉಂಡೆ. ಉಂಡೆ ಇರುವ ಕಡೆ ದಾರ ಸುಮಾರು 55 ಡಿಗ್ರಿ ತಿರುಗಿದೆ.

ನನಗೆ ಕೋನಕ್ಕಿಂತ ಅದೇ ಪ್ರಯೋಗದ ಇನ್ನೆರಡು ವಿಷಯ ಹೆಚ್ಚು ಮುಖ್ಯ ಅನ್ನಿಸುತ್ತದೆ. ಒಂದು, ಪ್ರೋಟೀನ್ ಕೂತಾಗ ಡಿಎನ್ಎಯ ಕಾಣುವ ಉದ್ದ ಸುಮಾರು 9 ಪರ್ಸೆಂಟ್ ಕಡಿಮೆಯಾಗಿತ್ತು. ಬರೀ ಬಾಗಿದರೆ ಉದ್ದ ಕಡಿಮೆಯಾಗುವುದಿಲ್ಲ. ಒಂದಷ್ಟು ಡಿಎನ್ಎ ಉಂಡೆಯ ಒಳಗೆ ಸುತ್ತಿಕೊಂಡಿರಬೇಕು. ಎರಡು, ಸುಮಾರು ಕಡೆ ಎರಡೆರಡು ಉಂಡೆ ಅಂಟಿಕೊಂಡು ಮೂರು ನಾಲ್ಕು ತೋಳು ಹೊರಗೆ ಚಾಚಿದ್ದವು. ಅಂದರೆ ಸಿಬಿಎಫ್3 ಎರಡು ಡಿಎನ್ಎಯನ್ನು ಒಟ್ಟಿಗೆ ಹಿಡಿಯಬಲ್ಲದು, ಕೊನೇಪಕ್ಷ ಟ್ಯೂಬ್‌ನಲ್ಲಿ.

ಎರಡು ಅಳತೆಯಲ್ಲೂ ನ್ಯೂಕ್ಲಿಯೊಸೋಮ್ ಇರಲಿಲ್ಲ ಅನ್ನೋದನ್ನ ಸ್ಲೈಡ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ಮೊಗ್ಗು_ಯೀಸ್ಟ್

ಧನ್ಯವಾದ ಸರ್. ಹಾಗಿದ್ರೆ ಕೂಡಿಸೋದು ಬೇಡ ಅಂತೀರಾ?

ಕೋನಮಾಪಕಿ

ಬೇಡ. ಕೋನಕ್ಕೆ ದಿಕ್ಕೂ ಇದೆ ಅಲ್ವಾ? ದಿಕ್ಕು ಬಿಟ್ಟು ಕೂಡಿಸಿದರೆ ಆ 125ಕ್ಕೆ ಅರ್ಥವಿಲ್ಲ.

ಡಿಎನ್ಎ ತಿರುಚಿಕೊಂಡ ಎಳೆ. ಒಂದು ಸುತ್ತಿಗೆ ಸುಮಾರು 10.5 ಬೇಸ್ ಜೋಡಿ. ಎರಡು ಬಾಗುಗಳ ನಡುವೆ 10.5ರ ಪೂರ್ಣ ಗುಣಕದಷ್ಟು ಅಂತರ ಇದ್ದರೆ ಎರಡೂ ಒಂದೇ ಬದಿಗೆ ತಿರುಗುತ್ತವೆ. ಅರ್ಧ ಸುತ್ತು ಹೆಚ್ಚಾದರೆ ಒಂದು ಮೇಲೆ, ಇನ್ನೊಂದು ಕೆಳಗೆ, ಇಂಗ್ಲಿಷಿನ ಎಸ್ ಅಕ್ಷರದ ಹಾಗೆ. ಈಗ ಸಿಡಿಇ-2ರ ಉದ್ದ ನೋಡಿ. 84 ಆದರೆ ಸರಿಯಾಗಿ 8 ಸುತ್ತು. 78 ಆದರೆ 7.4. 78ಕ್ಕೂ 86ಕ್ಕೂ ನಡುವೆ 8 ಬೇಸ್ ಜೋಡಿ ವ್ಯತ್ಯಾಸ, ಅಂದರೆ ಮುಕ್ಕಾಲು ಸುತ್ತು. ಬರೀ ಡಿಎನ್ಎ ಮೇಲೆ ಲೆಕ್ಕ ಹಾಕಿದರೆ ಒಂದು ಕ್ರೋಮೋಸೋಮಿನಲ್ಲಿ ಎರಡು ಬಾಗು ಒಂದೇ ಬದಿಗೆ ಬಂದರೆ ಇನ್ನೊಂದರಲ್ಲಿ ಅಡ್ಡಡ್ಡ ಬರುತ್ತವೆ. ಆದರೂ 16 ಸೆಂಟ್ರೊಮಿಯರೂ ಚೆನ್ನಾಗೇ ಕೆಲಸ ಮಾಡುತ್ತಿವೆ. ಹಾಗಾಗಿ ‘ಎರಡು ತುದಿಯ ಬಾಗು ಸೇರಿ ಒಂದು ಕುಣಿಕೆ’ ಎಂಬ ಸರಳ ಚಿತ್ರ ನನಗೆ ಒಪ್ಪಿಗೆಯಿಲ್ಲ. ನಡುವೆ ಬೇರೆ ಏನೋ ದಿಕ್ಕನ್ನು ಸರಿಮಾಡುತ್ತಿದೆ.

ಇನ್ನು ಶಕ್ತಿಯ ಲೆಕ್ಕ. ಡಿಎನ್ಎಯನ್ನು ಒಂದೇ ಸಮನೆ ಬಾಗುವ ಕೋಲು ಅಂದುಕೊಳ್ಳಿ. ಬಗ್ಗಿಸಲು ಬೇಕಾದ ಶಕ್ತಿ, ಕೆಟಿ (ಉಷ್ಣ ಶಕ್ತಿಯ ಘಟಕ) ಅಳತೆಯಲ್ಲಿ: 50 ನ್ಯಾನೊಮೀಟರ್ ಅನ್ನು ತುಂಡಿನ ಉದ್ದದ ಎರಡರಷ್ಟರಿಂದ ಭಾಗಿಸಿ, ರೇಡಿಯನ್‌ನಲ್ಲಿರುವ ಕೋನದ ವರ್ಗದಿಂದ ಗುಣಿಸಿ. ಆ 50 ಅನ್ನೋದು ಡಿಎನ್ಎಯ ಪರ್ಸಿಸ್ಟೆನ್ಸ್ ಉದ್ದ, ಅಂದರೆ ಅದು ಎಷ್ಟು ಗಡುಸು ಅನ್ನುವ ಅಳತೆ.

ಸಿಬಿಎಫ್3: 25 ಬೇಸ್ ಜೋಡಿ, 8.5 ನ್ಯಾನೊಮೀಟರ್, 55 ಡಿಗ್ರಿ ಅಂದರೆ 0.96 ರೇಡಿಯನ್. ಬರುವುದು 2.7 ಕೆಟಿ. ಸಿಬಿಎಫ್1ರ ಬಾಗು 20 ಬೇಸ್ ಜೋಡಿಯಲ್ಲಿ ಹರಡಿದೆ ಅಂತ ಇಟ್ಟುಕೊಂಡರೆ 5.5 ಕೆಟಿ. ಸಿಡಿಇ-2ರ 80 ಬೇಸ್ ಜೋಡಿಯನ್ನು ಪೂರ್ತಿ ಒಂದು ಸುತ್ತು ಹಾಕಿಸಲು ಸುಮಾರು 36 ಕೆಟಿ.

ಖರ್ಚೆಲ್ಲಾ ನಡುವೆ ಇದೆ. ತುದಿಯ ಎರಡು ಬಾಗು ಅದರ ಮುಂದೆ ಚಿಲ್ಲರೆ.

ಜೆಲ್_ಓಡಿಸುವವನು

ಚಿಲ್ಲರೆ ಅಂತ ತಳ್ಳಿಹಾಕಬೇಡಿ ಮೇಡಂ. 2.7 ಕೆಟಿ ಅಂದರೆ ಹಿಡಿತ 15 ಪಟ್ಟು ಸಡಿಲವಾಗುವಷ್ಟು. 5.5 ಆದರೆ 200 ಪಟ್ಟಿಗೂ ಮೇಲೆ. ಅಷ್ಟನ್ನು ಪ್ರೋಟೀನ್ ತನ್ನ ಕೈಯಿಂದ ಕಟ್ಟುತ್ತಿದೆ ಅಂದರೆ ಅದಕ್ಕೆ ಏನೋ ಲಾಭ ಇರಲೇಬೇಕು.

ಕೋನಮಾಪಕಿ

ಲಾಭ ಇರಲೇಬೇಕು ಅಂತೇನಿಲ್ಲ. ಎಷ್ಟೋ ಪ್ರೋಟೀನಿಗೆ ಮೈಮೇಲಿನ ಪಾಸಿಟಿವ್ ಚಾರ್ಜ್ ಡಿಎನ್ಎಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅದರಿಂದಲೇ ಬಾಗುತ್ತದೆ. ಇನ್ನೊಂದು ಮಾತು: ಡಿಎನ್ಎ ಒಂದು ಕಡೆ ಮುರಿದಂತೆ ಚೂಪಾಗಿ ಮಡಚಿಕೊಂಡರೆ ಈ ಕೋಲಿನ ಸೂತ್ರ ಶಕ್ತಿಯನ್ನು ಜಾಸ್ತಿ ತೋರಿಸುತ್ತದೆ. ನನ್ನ ಅಂಕಿಗಳು ಅಂದಾಜಿಗೆ ಅಷ್ಟೇ.

ಅನುಮಾನ_ರಾಯ

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಬಾಗುವುದು ಮುಖ್ಯವೇ ಅಲ್ಲ.

ಸಿಬಿಎಫ್1 ಜೀನನ್ನು ಪೂರ್ತಿ ತೆಗೆದುಹಾಕಿ. ಯೀಸ್ಟ್ ಬದುಕಿರುತ್ತದೆ! ಕ್ರೋಮೋಸೋಮ್ ಕಳೆದುಕೊಳ್ಳುವ ಪ್ರಮಾಣ ಸುಮಾರು 10 ಪಟ್ಟು ಏರುತ್ತದೆ, ನಿಜ. ಆದರೆ ಮೂಲದಲ್ಲೇ ಅದು ಲಕ್ಷ ವಿಭಜನೆಗೆ ಒಂದರ ಆಸುಪಾಸು. ಹತ್ತು ಪಟ್ಟು ಏರಿದರೂ ಹತ್ತು ಸಾವಿರಕ್ಕೊಂದು. ಜೊತೆಗೆ ಆ ಕೋಶಕ್ಕೆ ಮೆಥಿಯೊನಿನ್ ಹೊರಗಿನಿಂದ ಕೊಡಬೇಕಾಗುತ್ತದೆ, ಯಾಕೆಂದರೆ ಸಿಬಿಎಫ್1 ಮೆಥಿಯೊನಿನ್ ಜೀನುಗಳ ಪ್ರೊಮೋಟರ್‌ನಲ್ಲೂ ಕೂರುತ್ತದೆ. ಅಲ್ಲೂ ಅದೇ ಅಕ್ಷರಗಳ ಮೇಲೆ ಕೂರುವುದರಿಂದ ಅಲ್ಲೂ ಬಗ್ಗಿಸುತ್ತದೆ ಅಂತಲೇ ಇಟ್ಟುಕೊಳ್ಳಬೇಕು. ಆದರೆ ಅಲ್ಲಿ ಸೆಂಟ್ರೊಮಿಯರ್ ಹುಟ್ಟುವುದಿಲ್ಲ.

ಇದಕ್ಕೆ ಎದುರಾಗಿ ಸಿಡಿಇ-3ರ ಸಿಸಿಜಿ ನೋಡಿ. ನಡುವಿನ ಸಿ ಒಂದು ಬದಲಾದರೆ ಸೆಂಟ್ರೊಮಿಯರ್ ಕಥೆ ಮುಗಿಯಿತು. ಅದು ಗುರುತು ಹಿಡಿಯುವ ಪ್ರಶ್ನೆ, ಬಗ್ಗಿಸುವ ಪ್ರಶ್ನೆಯಲ್ಲ. ಸಿಇಪಿ3ಗೆ ಗ್ಯಾಲ್4 ಎಂಬ ಯೀಸ್ಟ್ ಪ್ರೋಟೀನಿನಲ್ಲಿರುವ ಥರದ ಸತುವಿನ ಗಂಟು ಇದೆ, ಅದು ಸಿಸಿಜಿಯನ್ನು ಓದುತ್ತದೆ. ಓದಲು ಆಗದಿದ್ದರೆ ಯಾರೂ ಬರುವುದಿಲ್ಲ. ಅಷ್ಟೇ ವಿಷಯ.

ಸುರುಳಿ

ರಾಯರೇ, ನೀವು ಎರಡು ತುದಿ ಹೇಳಿ ನಡುವನ್ನು ನುಂಗಿಬಿಟ್ಟಿರಿ. ಸಿಡಿಇ-2 ಇಲ್ಲದಿದ್ದರೆ ಏನಾಗುತ್ತದೆ?

ಅದರಲ್ಲಿ ಯಾವ ಪ್ರೋಟೀನೂ ಓದುವಂಥ ನಿರ್ದಿಷ್ಟ ಅಕ್ಷರ ಮಾಲೆ ಇಲ್ಲ. 16 ಸೆಂಟ್ರೊಮಿಯರ್‌ಗಳ ಸಿಡಿಇ-2 ಪಕ್ಕಪಕ್ಕ ಇಟ್ಟರೆ ಸಾಲು ಹೊಂದುವುದೇ ಇಲ್ಲ. ಆದರೂ ಅದನ್ನು ಪೂರ್ತಿ ತೆಗೆದರೆ ಸೆಂಟ್ರೊಮಿಯರ್ ಕೆಲಸ ಮಾಡುವುದಿಲ್ಲ. ಉದ್ದ ಹೆಚ್ಚು ಕಡಿಮೆ ಮಾಡಿದರೆ ಕ್ರೋಮೋಸೋಮ್ ಕಳೆದುಹೋಗುವುದು ಏರುತ್ತದೆ ಅಂತ 1987ರಲ್ಲೇ ಗೌಡೆ ಮತ್ತು ಫಿಟ್ಜ್‌ಜೆರಾಲ್ಡ್-ಹೇಯ್ಸ್ ತೋರಿಸಿದ್ದಾರೆ. ಓದಲು ಏನೂ ಇಲ್ಲದ ಜಾಗಕ್ಕೆ ಉದ್ದ ಮುಖ್ಯ, ಎ-ಟಿ ಮುಖ್ಯ ಅಂದರೆ ಅದು ಆಕಾರದ ವಿಷಯ ಅಲ್ಲದೆ ಇನ್ನೇನು?

ನ್ಯೂಕ್ಲಿಯೊಸೋಮ್ ಸುತ್ತ ಡಿಎನ್ಎ ಒಂದು ಸುತ್ತು ಹೋಗಲು ಸುಮಾರು 80 ಬೇಸ್ ಜೋಡಿ ಬೇಕು. ಸಿಡಿಇ-2ರ ಉದ್ದವೂ ಅಷ್ಟೇ. ಹಾಗಾಗಿ ಒಂದು ಸುತ್ತು ಮುಗಿಸಿ ಬಂದಾಗ ಸಿಡಿಇ-1 ಮತ್ತು ಸಿಡಿಇ-3 ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. 27 ನ್ಯಾನೊಮೀಟರ್ ದೂರ ಇದ್ದ ಎರಡು ಸೈಟ್ ಮಗ್ಗುಲಿಗೇ ಬಂದವು. ಕೋನಮಾಪಕಿ ಅವರು ಕೇಳಿದ ‘ದಿಕ್ಕು ಸರಿಮಾಡುವ’ ಕೆಲಸವನ್ನು ಹಿಸ್ಟೋನ್ ಮಾಡುತ್ತಿರಬಹುದು. ಸುತ್ತಿಕೊಂಡ ಡಿಎನ್ಎಯಲ್ಲಿ ತಿರುಚು ಸ್ವಲ್ಪ ಬದಲಾಗಿ ಒಂದೆರಡು ಬೇಸ್ ಜೋಡಿಯ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ ಕೂಡ.

ಮೊಗ್ಗು_ಯೀಸ್ಟ್

ಒಂದು ಗೊಂದಲ. ಎ-ಟಿ ಜಾಸ್ತಿ ಇರುವ ಡಿಎನ್ಎ ಗಡುಸು, ನ್ಯೂಕ್ಲಿಯೊಸೋಮ್‌ಗೆ ಒಗ್ಗುವುದಿಲ್ಲ ಅಂತ ಪಠ್ಯದಲ್ಲಿದೆ. ಇನ್ನೊಂದು ಕಡೆ ಎ ಸಾಲುಗಳಿರುವ ಡಿಎನ್ಎ ತಾನಾಗೇ ಬಾಗಿರುತ್ತದೆ ಅಂತ ಇದೆ. ಎರಡೂ ಹೇಗೆ ನಿಜ?

ಜೆಲ್_ಓಡಿಸುವವನು

ಕುಡುಗೋಲು ಡೊಂಕು, ಆದರೆ ಬಗ್ಗುವುದಿಲ್ಲ. ಡೊಂಕಾಗಿರುವುದು ಬೇರೆ, ಬಳುಕುವುದು ಬೇರೆ.

ಐದಾರು ಎ ಒಟ್ಟಿಗೆ ಬಂದರೆ ಆ ಜಾಗ ಗಡುಸಾಗುತ್ತದೆ. ಅಂಥ ಸಾಲುಗಳು ಪ್ರತಿ 10.5 ಬೇಸ್ ಜೋಡಿಗೊಮ್ಮೆ ಬಂದರೆ ಪ್ರತಿ ಸಲದ ಸಣ್ಣ ಓರೆ ಒಂದೇ ಬದಿಗೆ ಸೇರಿಕೊಂಡು ಇಡೀ ತುಂಡು ಡೊಂಕಾಗುತ್ತದೆ. 1982ರಲ್ಲಿ ಲೀಷ್ಮೇನಿಯಾ ಟ್ಯಾರೆಂಟೋಲಿಯ ಪುಟ್ಟ ಉಂಗುರ ಡಿಎನ್ಎಯ ಒಂದು ತುಂಡು ಜೆಲ್‌ನಲ್ಲಿ ತನ್ನ ಉದ್ದಕ್ಕಿಂತ ನಿಧಾನವಾಗಿ ಓಡಿದ್ದೇ ಇದರಿಂದ. ಎ ಸಾಲುಗಳು ಸುತ್ತಿಗೆ ಸರಿಯಾಗಿ ಬರದೆ ಅಡ್ಡಾದಿಡ್ಡಿ ಬಂದರೆ ಓರೆಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಆಗ ತುಂಡು ನೆಟ್ಟಗೂ ಇರುತ್ತದೆ, ಗಡುಸಾಗಿಯೂ ಇರುತ್ತದೆ.

ಸಿಡಿಇ-2 ಬಗ್ಗೆ ಬೇಕರ್ ಮತ್ತು ರೋಜರ್ಸ್ 2005ರಲ್ಲಿ ಒಳ್ಳೆ ಕೆಲಸ ಮಾಡಿದ್ದಾರೆ. ಒಟ್ಟು ಎ-ಟಿ ಪ್ರಮಾಣ ಒಂದೇ ಸಾಲದು, ಎ-ಗಳು ಒಟ್ಟಿಗೆ, ಟಿ-ಗಳು ಒಟ್ಟಿಗೆ ಸಾಲಾಗಿ ಬರಬೇಕು, ಆಗ ಸೆಂಟ್ರೊಮಿಯರ್ ಚೆನ್ನಾಗಿ ನಡೆಯುತ್ತದೆ ಅಂತ.

ಅನುಮಾನ_ರಾಯ

ಹಾಗಿದ್ದರೆ ಇನ್ನೂ ವಿಚಿತ್ರ ಆಯಿತಲ್ಲ! ಕೋನಮಾಪಕಿ ಲೆಕ್ಕದಲ್ಲಿ ಖರ್ಚೆಲ್ಲಾ ನಡುವೆ. ನಡುವೆ ಇರುವುದು ಇಡೀ ಜೀನೋಮಿನಲ್ಲೇ ಸುತ್ತಲು ಒಪ್ಪದ ಗಡುಸು ಡಿಎನ್ಎ. ಕ್ರೋಮೋಸೋಮಿನ ಅತಿ ಮುಖ್ಯವಾದ ನ್ಯೂಕ್ಲಿಯೊಸೋಮ್ ಅನ್ನು ಅಲ್ಲೇ ಕೂರಿಸಬೇಕಾ? ಇದಕ್ಕೆ ಯಾರಾದರೂ ಉತ್ತರ ಕೊಡಿ, ನಾನು ಸುಮ್ಮನಾಗುತ್ತೇನೆ.

ಕ್ರಯೋ_ಕಣ್ಣು

ಸುಮ್ಮನಾಗುವುದು ನಿಮ್ಮಿಂದ ಆಗದ ಕೆಲಸ, ಆದರೂ ಪ್ರಯತ್ನಿಸುತ್ತೇನೆ.

ಒಪ್ಪದ ಡಿಎನ್ಎ ಇರುವುದರಿಂದಲೇ ಆ ಜಾಗ ಕಾಯ್ದುಕೊಂಡಂತಾಗುತ್ತದೆ. ಎಚ್3 ಹಿಸ್ಟೋನ್ ಇರುವ ಸಾಮಾನ್ಯ ನ್ಯೂಕ್ಲಿಯೊಸೋಮ್ ತಾನಾಗಿ ಬಂದು ಅಲ್ಲಿ ನೆಲೆ ನಿಲ್ಲುವುದು ಕಷ್ಟ. ಸಿಎಸ್‌ಇ4ಗೆ ಮಾತ್ರ ಸಹಾಯಕರಿದ್ದಾರೆ. ಎಸ್‌ಸಿಎಂ3 ಎಂಬ ಶಾಪರೋನ್ ಅದನ್ನು ಕರೆತರುತ್ತದೆ. 2023ರಲ್ಲಿ ಸ್ಯೂ ಬಿಗ್ಗಿನ್ಸ್ ಮತ್ತು ಚಾರ್ಲ್ಸ್ ಆಸ್ಬರಿ ಗುಂಪುಗಳು ಒಂದೊಂದೇ ಸೆಂಟ್ರೊಮಿಯರ್ ತುಂಡನ್ನು ಮೈಕ್ರೊಸ್ಕೋಪಿನಡಿ ಇಟ್ಟು ಸಿಎಸ್‌ಇ4 ಬರುವುದನ್ನು ನೇರವಾಗಿ ನೋಡಿದರು. ಸಿಎಸ್‌ಇ4 ಎಸ್‌ಸಿಎಂ3 ಇಲ್ಲದೆಯೂ ಬಂದು ಹೋಗಬಲ್ಲದು. ಆದರೆ ನೆಲೆ ನಿಲ್ಲಬೇಕಾದರೆ ಎಸ್‌ಸಿಎಂ3 ಬೇಕು, ಒಳ ಕೈನೆಟೊಕೋರ್‌ನ ಡಿಎನ್ಎ ಹಿಡಿಯುವ ಪ್ರೋಟೀನುಗಳೂ ಬೇಕು. (ಕೈನೆಟೊಕೋರ್ ಅಂದರೆ ಸೆಂಟ್ರೊಮಿಯರ್ ಮೇಲೆ ಕಟ್ಟಿಕೊಂಡು ಮೈಕ್ರೊಟ್ಯೂಬ್ಯೂಲ್ ಹಿಡಿಯುವ ಪ್ರೋಟೀನ್ ಗುಂಪು.) ಎ ಮತ್ತು ಟಿ ಸಾಲುಗಳನ್ನು ಒಡೆದುಹಾಕಿದರೆ ಸಿಎಸ್‌ಇ4 ಕೂರುವುದೇ ಕುಂಠಿತವಾಗುತ್ತದೆ. ಅಂದರೆ ಆ ಗಡುಸುತನ ಬರೀ ಅಡ್ಡಿ ಅಲ್ಲ, ಬೇಕಾಗಿರುವ ಗುಣ.

ಇನ್ನು ರಚನೆಗಳು. 2021ರಲ್ಲಿ ನಿಜವಾದ ಸಿಇಎನ್3 ಡಿಎನ್ಎ ಇರುವ ನ್ಯೂಕ್ಲಿಯೊಸೋಮ್‌ನ ಕ್ರಯೋ ಚಿತ್ರ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೊಸ್ಕೋಪ್‌ನಲ್ಲಿ ತೆಗೆದದ್ದು) ಬಂತು. ಅದು ತಾನಾಗಿ ನಿಲ್ಲದೆ ಬಿಚ್ಚಿಕೊಳ್ಳುವಂಥದ್ದು, ಹಾಗಾಗಿ ಆಂಟಿಬಾಡಿ ತುಣುಕಿನ ಆಸರೆ ಕೊಟ್ಟು ಹಿಡಿದರು. ಸುತ್ತಿಕೊಂಡಿದ್ದು 115 ಬೇಸ್ ಜೋಡಿ, ಸಾಮಾನ್ಯ ನ್ಯೂಕ್ಲಿಯೊಸೋಮ್‌ನ 147 ಅಲ್ಲ. ಸಿಸಿಜಿ ಕೂಡ ಆ 115ರ ಒಳಗೇ ಇತ್ತು. ಸಿಬಿಎಫ್3ರ ತಿರುಳನ್ನು ಬೇರೊಂದು ನ್ಯೂಕ್ಲಿಯೊಸೋಮ್ ಮೇಲೆ ಕೂರಿಸಿ ನೋಡಿದಾಗ, ಅದು ಸಿಸಿಜಿಯನ್ನು ಹಿಡಿದು ಅಲ್ಲಿಯ ಡಿಎನ್ಎ ಆಕಾರವನ್ನೇ ಬದಲಿಸಿತ್ತು. ರಾಯರ ‘ಓದುವುದು ಬೇರೆ, ಬಗ್ಗಿಸುವುದು ಬೇರೆ’ ಅನ್ನುವ ಗೆರೆ ಇಲ್ಲಿ ಅಳಿಸಿಹೋಗುತ್ತದೆ.

2023ರಲ್ಲಿ ಡೇವಿಡ್ ಬಾರ್ಫರ್ಡ್ ಗುಂಪಿನಿಂದ ಪೂರ್ತಿ ಒಳ ಕೈನೆಟೊಕೋರ್‌ನ ಚಿತ್ರ. ಅದರಲ್ಲಿ ನಡುವೆ ಸಿಎಸ್‌ಇ4 ನ್ಯೂಕ್ಲಿಯೊಸೋಮ್, ಅದರ ಎರಡೂ ಬದಿ ಡಿಎನ್ಎ ತುಂಬಾ ದೂರ ಬಿಚ್ಚಿಕೊಂಡಿದೆ. ಬಿಚ್ಚಿದ ಎರಡು ತೋಳನ್ನು ಎರಡು ಸಿಸಿಎಎನ್ (ಒಳ ಕೈನೆಟೊಕೋರ್‌ನ ಪ್ರೋಟೀನ್ ಗುಂಪು) ಘಟಕಗಳು ಹಿಡಿದಿವೆ. ಒಂದು ಘಟಕ ಡಿಎನ್ಎಯನ್ನು ತನ್ನ ಸುರಂಗದೊಳಗೆ ಸೇರಿಸಿಕೊಂಡು ಸುತ್ತಲೂ ಮುಚ್ಚಿಬಿಟ್ಟಿದೆ. ಅದನ್ನು ಸಿಡಿಇ-1 ಮೇಲೆ ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದು ಸಿಬಿಎಫ್1! ಎರಡು ಘಟಕಗಳ ನಡುವೆ ಕಮಾನಿನ ಹಾಗೆ ಕೊಂಡಿ ಹಾಕಿದ್ದು ಸಿಬಿಎಫ್3.

ಅನುಮಾನ_ರಾಯ

ಬಿಚ್ಚಿಕೊಂಡಿದೆ ಅಂದಮೇಲೆ ಸುರುಳಿ ಅವರ ‘ಒಂದು ಸುತ್ತು ಮುಗಿಸಿ ಮಗ್ಗುಲಿಗೆ ಬರುತ್ತವೆ’ ಏನಾಯಿತು?

ಸುರುಳಿ

ಒಳ್ಳೆ ಪ್ರಶ್ನೆ. ಕೂರಿಸುವ ಹೊತ್ತಿನ ಆಕಾರ ಮತ್ತು ಎಲ್ಲ ಕಟ್ಟಿ ಮುಗಿದ ಮೇಲಿನ ಆಕಾರ ಒಂದೇ ಇರಬೇಕಿಲ್ಲ. ನನ್ನ ಓದು ಹೀಗಿದೆ: ಮೊದಲು ಸಿಬಿಎಫ್3 ಸಿಸಿಜಿ ಹಿಡಿದು ಅಲ್ಲಿಯ ಡಿಎನ್ಎಗೆ ಒಂದು ಓರೆ ಕೊಡುತ್ತದೆ. ಸಿಎಸ್‌ಇ4 ಸುತ್ತ ಸಿಡಿಇ-2 ಸುತ್ತಿಕೊಳ್ಳುತ್ತದೆ. ನಂತರ ಸಿಸಿಎಎನ್ ಬಂದು ತುದಿಗಳನ್ನು ಬಿಡಿಸಿ ತಾನು ಹಿಡಿದುಕೊಳ್ಳುತ್ತದೆ. ಗಡುಸು ಡಿಎನ್ಎ ಆದ್ದರಿಂದ ಬಿಡಿಸುವುದೂ ಸುಲಭ. ನ್ಯೂಕ್ಲಿಯೊಸೋಮ್ ಮೇಲೆ ಅದು ಇಷ್ಟವಿಲ್ಲದೆ ಕೂತಿತ್ತು ತಾನೆ.

ಹಂತ ಹಂತವಾಗಿ ಇದೇ ಕ್ರಮ ಅಂತ ಯಾವ ಒಂದೇ ಚಿತ್ರವೂ ತೋರಿಸಿಲ್ಲ. ಬೇರೆ ಬೇರೆ ಚಿತ್ರಗಳನ್ನು ನಾನು ಸಾಲಾಗಿ ಜೋಡಿಸಿದ್ದು.

ಹಳೆ_ಪ್ಲಾಸ್ಮಿಡ್

ಸೂಪರ್‌ಕಾಯಿಲ್ (ಉಂಗುರ ಡಿಎನ್ಎ ತನ್ನ ಮೇಲೇ ತಿರುಚಿ ಸುತ್ತಿಕೊಳ್ಳುವುದು) ಕಥೆ ಬಿಟ್ಟುಬಿಟ್ಟಿರಲ್ಲ. 2009ರಲ್ಲಿ ಫುರುಯಾಮಾ ಮತ್ತು ಹೆನಿಕಾಫ್ ಸೆಂಟ್ರೊಮಿಯರ್ ಇರುವ ಉಂಗುರ ಡಿಎನ್ಎಯಲ್ಲಿ ಪಾಸಿಟಿವ್ ಸೂಪರ್‌ಕಾಯಿಲ್ ಕಂಡರು. ಸಾಮಾನ್ಯ ನ್ಯೂಕ್ಲಿಯೊಸೋಮ್ ಎಡಕ್ಕೆ ಸುತ್ತುತ್ತದೆ, ಹಾಗಾಗಿ ನೆಗೆಟಿವ್ ಬರಬೇಕಿತ್ತು. ಅದರ ಮೇಲೆ ಅರ್ಧ ನ್ಯೂಕ್ಲಿಯೊಸೋಮ್, ಬಲಕ್ಕೆ ಸುತ್ತುವ ಡಿಎನ್ಎ ಅಂತ ವರ್ಷಗಟ್ಟಲೆ ಜಗಳ ನಡೆಯಿತು.

ನಿರ್ವಾಹಕ

ಆ ಜಗಳಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಹಿಂದಿನ ಸಲ ಇನ್ನೂರು ಉತ್ತರ ಬಂದು ಮೂಲ ಪ್ರಶ್ನೆ ಕೇಳಿದವರೇ ಓಡಿಹೋಗಿದ್ದರು.

ಕೋನಮಾಪಕಿ

ಒಂದೇ ಸಾಲು ಹೇಳಿ ನಿಲ್ಲಿಸುತ್ತೇನೆ. ಕ್ರಯೋ ಚಿತ್ರಗಳಲ್ಲಿ ಪೂರ್ತಿ ಎಂಟು ಹಿಸ್ಟೋನ್, ಎಡ ಸುತ್ತೇ ಕಂಡಿದೆ. ಆದರೆ ಉಂಗುರದ ಲೆಕ್ಕದಲ್ಲಿ ಹಿಸ್ಟೋನ್ ಒಂದೇ ಅಲ್ಲ, ಎರಡು ತುದಿಯ ಪ್ರೋಟೀನುಗಳು ಕೊಡುವ ಬಾಗು ಮತ್ತು ತಿರುಚು ಕೂಡ ಸೇರುತ್ತದೆ. ಸಿಬಿಎಫ್3 ಒಂದೇ 9 ಪರ್ಸೆಂಟ್ ಡಿಎನ್ಎಯನ್ನು ಒಳಗೆಳೆದುಕೊಂಡಿದ್ದು ನೆನಪಿದೆಯಲ್ಲ?

ಅನುಮಾನ_ರಾಯ

ಸರಿ, ಸಿಡಿಇ-2 ವಿಷಯದಲ್ಲಿ ಆಕಾರ ಮುಖ್ಯ ಅಂತ ಒಪ್ಪಿದೆ. ಸಿಬಿಎಫ್1ರ 70 ಡಿಗ್ರಿ ಬಗ್ಗೆ ನನ್ನ ತಕರಾರು ಹಾಗೇ ಇದೆ. ಸಿಬಿಎಫ್1 ಸಿಸಿಎಎನ್‌ಗೆ ಜಾಗ ತೋರಿಸುತ್ತದೆ, ಅದಕ್ಕೆ ಕೂತರೆ ಸಾಕು. ಇನ್ನೊಂದು ಕೆಲಸವೂ ಗೊತ್ತಾಗಿದೆ: ಪಕ್ಕದಿಂದ ಓದಿಕೊಂಡು ಬರುವ ಆರ್‌ಎನ್‌ಎ ಪಾಲಿಮರೇಸ್ ಸೆಂಟ್ರೊಮಿಯರ್ ಒಳಗೆ ನುಗ್ಗದ ಹಾಗೆ ಅದು ತಡೆಗೋಡೆಯಾಗಿ ನಿಲ್ಲುತ್ತದೆ. 2022ರಲ್ಲಿ ಬಿಗ್ಗಿನ್ಸ್ ಗುಂಪೇ ಅದನ್ನು ತೋರಿಸಿದೆ. ಗೋಡೆಗೆ ಬಗ್ಗಿಸುವ ಅಗತ್ಯ ಏನು? ಬಗ್ಗಿಸುವುದನ್ನು ಮಾತ್ರ ತೆಗೆದು, ಕೂರುವುದನ್ನು ಉಳಿಸಿಕೊಂಡ ಪ್ರಯೋಗ ತೋರಿಸಿ.

ಮೊಗ್ಗು_ಯೀಸ್ಟ್

ಸಿಡಿಇ-1 ತೆಗೆದು ಅಲ್ಲಿ ಬೇರೆ ಬಗ್ಗಿಸುವ ಪ್ರೋಟೀನ್‌ನ ಸೈಟ್ ಹಾಕಿದರೆ? ಎಲ್‌ಇಎಫ್-1 ಸುಮಾರು 130 ಡಿಗ್ರಿ ಬಗ್ಗಿಸುತ್ತದೆ, ಬ್ಯಾಕ್ಟೀರಿಯಾದ ಐಎಚ್‌ಎಫ್ 160ಕ್ಕೂ ಮೇಲೆ.

ಅನುಮಾನ_ರಾಯ

ಆಗ ಸಿಸಿಎಎನ್ ಜೊತೆಗಿನ ಹಿಡಿತ ಹೋಗುತ್ತದೆ. ಫಲಿತಾಂಶ ಕೆಟ್ಟರೆ ಬಾಗಿನಿಂದಲೋ ಹಿಡಿತದಿಂದಲೋ ಗೊತ್ತಾಗುವುದಿಲ್ಲ. ಕೆಡದೆ ಸರಿಯಾಗೇ ಬಂದರೆ ಮಾತ್ರ ಏನಾದರೂ ಹೇಳಬಹುದು.

ಕೋನಮಾಪಕಿ

ನಾನಾದರೆ ಪ್ರೋಟೀನ್ ಮುಟ್ಟುವುದಿಲ್ಲ, ಅಂತರ ಬದಲಿಸುತ್ತೇನೆ. ಸಿಡಿಇ-1 ಮತ್ತು ಸಿಡಿಇ-2 ನಡುವೆ 5 ಬೇಸ್ ಜೋಡಿ ಸೇರಿಸಿದ ಒಂದು ತುಂಡು, 10 ಸೇರಿಸಿದ ಇನ್ನೊಂದು. 5 ಸೇರಿಸಿದರೆ ಬಾಗಿನ ದಿಕ್ಕು ಅರ್ಧ ಸುತ್ತು ತಿರುಗಿ ಎದುರಾಗುತ್ತದೆ. 10 ಸೇರಿಸಿದರೆ ದೂರ ಜಾಸ್ತಿ, ದಿಕ್ಕು ಮಾತ್ರ ಹೆಚ್ಚುಕಮ್ಮಿ ಅದೇ. 5ರದ್ದು 10ರದ್ದಕ್ಕಿಂತ ಕೆಟ್ಟರೆ ದಿಕ್ಕು ಮುಖ್ಯ. ಎರಡೂ ಉದ್ದಕ್ಕೆ ತಕ್ಕಂತೆ ಕೆಟ್ಟರೆ ದೂರ ಮುಖ್ಯ. ಸಿಬಿಎಫ್1 ಕೂರುವ ಮುಖ ಕೂಡ ಬಾಗಿನ ಜೊತೆಗೇ ತಿರುಗುತ್ತದೆ ಅಂತ ರಾಯರು ಹೇಳುತ್ತಾರೆ ಅಂತ ಗೊತ್ತು.

ಅನುಮಾನ_ರಾಯ

ಹೇಳಬೇಕೆಂದೇ ಟೈಪ್ ಮಾಡುತ್ತಿದ್ದೆ.

ಹಳೆ_ಪ್ಲಾಸ್ಮಿಡ್

ಅಳೆಯುವುದಕ್ಕೆ ಹಳೆಯ ಕೆಂಪು-ಬಿಳಿ ಕಾಲೊನಿ ವಿಧಾನವೇ ಸಾಕು. ಎಡಿಇ2 ಕೆಟ್ಟ ಯೀಸ್ಟ್ ಕಾಲೊನಿ ಕೆಂಪಗಿರುತ್ತದೆ. ನಿಮ್ಮ ಸೆಂಟ್ರೊಮಿಯರ್ ಇರುವ ಕ್ರೋಮೋಸೋಮ್ ತುಂಡಿನಲ್ಲಿ ಎಸ್‌ಯುಪಿ11 ಇಟ್ಟರೆ ಆ ದೋಷ ಮುಚ್ಚಿಹೋಗುತ್ತದೆ. ತುಂಡು ಕಳೆದುಹೋದ ಕೋಶದಿಂದ ಹುಟ್ಟಿದ ಮಕ್ಕಳು ಕಾಲೊನಿಯಲ್ಲಿ ಕೆಂಪು ಹೋಳಾಗಿ ಕಾಣುತ್ತವೆ. ಮೊದಲ ವಿಭಜನೆಯಲ್ಲೇ ಕಳೆದುಹೋದರೆ ಕಾಲೊನಿಯ ಅರ್ಧ ಭಾಗವೇ ಕೆಂಪು. ಅಂಥ ಅರ್ಧ ಕೆಂಪು ಕಾಲೊನಿಗಳನ್ನು ಎಣಿಸಿದರೆ ಒಂದು ವಿಭಜನೆಗೆ ಎಷ್ಟು ನಷ್ಟ ಅಂತ ಸಿಗುತ್ತದೆ. ಸಿಡಿಇ-1ರ ಪರಿಣಾಮ ಚಿಕ್ಕದು, ಹಾಗಾಗಿ ಪ್ಲೇಟ್‌ಗಳು ಬಹಳ ಬೇಕು.

ಮೊಗ್ಗು_ಯೀಸ್ಟ್

ಅದಕ್ಕೆ ಮೊದಲು ಜೆಲ್ ಒಂದನ್ನು ನಾನೇ ಮಾಡಿ ನೋಡಬೇಕು ಅನ್ನಿಸುತ್ತಿದೆ. ಗೈಡ್ ಒಪ್ಪಿದ್ದಾರೆ. ಸಿಬಿಎಫ್1, ಸಿಬಿಎಫ್3 ಎರಡನ್ನೂ ಅದೇ ಸಿಇಎನ್3 ತುಂಡಿನ ಮೇಲೆ ಹಾಕಬಹುದಾ?

ಜೆಲ್_ಓಡಿಸುವವನು

ಸಿಬಿಎಫ್1ರಿಂದ ಶುರು ಮಾಡಿ. ಒಂದೇ ಪ್ರೋಟೀನ್, ತಾನೇ ಜೋಡಿಯಾಗುತ್ತದೆ. ಸಿಬಿಎಫ್3ರಲ್ಲಿ ಸಿಟಿಎಫ್13 ಒಂದನ್ನೇ ಮಾಡಿದರೆ ಪ್ರಯೋಜನವಿಲ್ಲ, ಎಸ್‌ಕೆಪಿ1 ಜೊತೆಗಿದ್ದರೆ ಮಾತ್ರ ಅದು ಸರಿಯಾದ ರೂಪಕ್ಕೆ ಬರುತ್ತದೆ. ನಾಲ್ಕೂ ಸೇರಬೇಕು. ಆಮೇಲೆ ಆ ಗಾತ್ರದ ಗುಂಪು ಜೆಲ್ ಒಳಗೆ ಹೋಗುವುದೇ ಕಷ್ಟ, ಕೋನದ ಮಾತು ದೂರ. ಅದನ್ನು ಮೈಕ್ರೊಸ್ಕೋಪಿನವರಿಗೆ ಬಿಡಿ.

ತುಂಡಿನಲ್ಲಿ ಸಿಡಿಇ-2 ಇದ್ದರೆ ಹುಷಾರು. ಪ್ರೋಟೀನ್ ಇಲ್ಲದೆಯೂ ಎ ಸಾಲುಗಳು ಓಟವನ್ನು ಬದಲಿಸಬಹುದು. ಹಾಗಾಗಿ ಪ್ರತಿ ತುಂಡಿಗೂ ಬರೀ ಡಿಎನ್ಎಯ ಲೇನ್ ಪಕ್ಕದಲ್ಲೇ ಇರಲಿ, ಪ್ರೋಟೀನ್ ಕೂತ ಬ್ಯಾಂಡಿನ ಓಟವನ್ನು ಅದೇ ತುಂಡಿನ ಬರೀ ಡಿಎನ್ಎ ಓಟದಿಂದ ಭಾಗಿಸಿ. ಜೆಲ್ ಪೂರ್ತಿ ಒಂದೇ ತಾಪಮಾನದಲ್ಲಿ ಓಡಲಿ. ತಣ್ಣಗಿದ್ದಷ್ಟೂ ಎ ಸಾಲಿನ ಡೊಂಕು ಜಾಸ್ತಿ ಕಾಣುತ್ತದೆ, ಬಿಸಿಯಾದರೆ ಕರಗುತ್ತದೆ. ಕೋಲ್ಡ್ ರೂಮ್‌ನಲ್ಲಿ ಒಂದು, ಹೊರಗೆ ಒಂದು ಓಡಿಸಿ. ಎರಡರಲ್ಲೂ ಉಳಿಯುವ ವ್ಯತ್ಯಾಸ ಸಿಬಿಎಫ್1ರದ್ದು.

ಮೊಗ್ಗು_ಯೀಸ್ಟ್

ಮಾಡುತ್ತೇನೆ ಸರ್. ಸಿಡಿಇ-1 ಮಾತ್ರ ಇರುವ ತುಂಡು ಒಂದು, ಸಿಡಿಇ-2 ಸೇರಿದ್ದು ಒಂದು, ಎರಡನ್ನೂ ಒಂದೇ ಜೆಲ್‌ನಲ್ಲಿ ಹಾಕುತ್ತೇನೆ. ಚಿತ್ರ ಬಂದಮೇಲೆ ಇಲ್ಲೇ ಹಾಕುತ್ತೇನೆ.

ಅನುಮಾನ_ರಾಯ

ಸಿಎಸಿಜಿಟಿಜಿಯ ಒಂದು ಅಕ್ಷರ ಕೆಡಿಸಿದ ತುಂಡೂ ಇರಲಿ. ಅದರಲ್ಲೂ ಬ್ಯಾಂಡ್ ಹಿಂದೆ ಬಿದ್ದರೆ ನಾನು ಮತ್ತೆ ಬರುತ್ತೇನೆ.